ಎರಡು ಸ್ವಿಚ್ಚುಗಳ ನಡುವಿನ ಲಾಳಿ

ಆ ಸಂಜೆ ಮೆಟ್ಟೂರಿನಲ್ಲಿ ಸ್ಪೀಕರಿನಿಂದ ಬಂದದ್ದು ಉದ್ದನೆಯ ಕೀರಲು ಸದ್ದೋ, ಡಬ್ ಎಂಬ ಏಟೋ, ನನಗೆ ಖಚಿತವಿಲ್ಲ. ಕೀರಲು ಎಂದೇ ಬಹಳ ವರ್ಷ ನಂಬಿದ್ದೆ. ಯಾರಾದರೂ ಕೇಳಿದ್ದರೆ ಪ್ರಮಾಣ ಮಾಡಿ ಹೇಳುತ್ತಿದ್ದೆನೇನೋ. ಯಾರೂ ಕೇಳಲಿಲ್ಲ. ಹಾಗಾಗಿ ಆ ನೆನಪು ಒಂದು ಸಲವೂ ಪರೀಕ್ಷೆಗೆ ಕೂರದೆ ನನ್ನೊಳಗೆ ಬೆಳೆದು ದೊಡ್ಡದಾಯಿತು. ಪರೀಕ್ಷೆಯಿಲ್ಲದೆ ಪಾಸಾದ ಇಂಥ ನೆನಪುಗಳ ಮೇಲೆ ಈಗ ನನಗೆ ನಂಬಿಕೆ ಕಡಿಮೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಎಲ್ಲಿ ‘ನಡೆಯಿತು’ ಎಂದಿದೆಯೋ ಅಲ್ಲೆಲ್ಲ ‘ನಡೆದಂತೆ ನೆನಪು’ ಎಂದು ಓದಿಕೊಳ್ಳಬೇಕು. ಕೊನೆಯದೊಂದನ್ನು ಬಿಟ್ಟು.

ಬರೆಯುತ್ತಿರುವುದು ಒಬ್ಬ ಗಿಟಾರ್ ವಾದಕರ ಬಗ್ಗೆ. ಸೇಲಂ ಪೇಟೆಯ ನೇಕಾರರ ಬೀದಿಯವರು. ಹೋದ ವರ್ಷ ತೀರಿಕೊಂಡರು. ಹೆಸರು ಬರೆಯುವುದಿಲ್ಲ. ನಾನು ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಅದೇ ಇರಲಿ. ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಸೇಲಂನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಾ, ಬಿಡುವಿನಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ. ಮದುವೆ ರಿಸೆಪ್ಷನ್, ಮಿಲ್ಲಿನ ಕಾಲೊನಿಯ ವಾರ್ಷಿಕೋತ್ಸವ, ಹೊಸ ಅಂಗಡಿಯ ಆರಂಭ, ಎಲ್ಲಿ ಕರೆದರೆ ಅಲ್ಲಿಗೆ ವ್ಯಾನು ಹೋಗುತ್ತಿತ್ತು. ಹಾಡುವುದೆಲ್ಲ ತಮಿಳು. ವ್ಯಾನಿನಲ್ಲಿ ಕನ್ನಡ ಮಾತಾಡುವವರು ಮೂವರೇ: ನೇಕಾರರ ಮನೆಯ ಅಣ್ಣ, ಕೊಳತ್ತೂರಿನ ರೈತರ ಮನೆಯ ನಾನು, ಮಾರಂಡಹಳ್ಳಿಯಿಂದ ಬಸ್ಸಿನಲ್ಲಿ ಬಂದು ಸೇರಿಕೊಳ್ಳುತ್ತಿದ್ದ ಗಾಯಕಿ. ಅವಳಿಗೆ ಆಗ ಇಪ್ಪತ್ತೆರಡೋ ಇಪ್ಪತ್ಮೂರೋ. ಅಣ್ಣ ಅವಳನ್ನು ‘ಪಾಪ’ ಎಂದೂ, ನನ್ನನ್ನು ‘ಕಾಲೇಜು’ ಎಂದೂ ಕರೆಯುತ್ತಿದ್ದರು. ನಮ್ಮ ಮೂವರಲ್ಲಿ ಯಾರಿಗೂ ಆಗ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಅಕ್ಷರ ಕಲಿತದ್ದು ಆಮೇಲೆ, ಮೈಸೂರಿಗೆ ಬಂದು. ಆ ವ್ಯಾನಿನಲ್ಲಿ ಕನ್ನಡ ಎಂದರೆ ಮಾಸ್ಟರಿಗೆ ತಿಳಿಯಬಾರದ್ದನ್ನು ಮಾತಾಡಿಕೊಳ್ಳುವ ಅನುಕೂಲ. ಮಾಸ್ಟರ್ ಎಂದರೆ ಆರ್ಕೆಸ್ಟ್ರಾದ ಯಜಮಾನರು.

ಅಣ್ಣನನ್ನು ನೆನೆದರೆ ಮೊದಲು ಕಾಣುವುದು ಮುಖವಲ್ಲ, ಪಾದ. ವೇದಿಕೆಗೆ ಹತ್ತುವ ಮುಂಚೆ ಎಲ್ಲಿದ್ದರೂ ಒಂದು ಚೊಂಬು ನೀರು ಕೇಳಿ ಕಾಲು ತೊಳೆಯುತ್ತಿದ್ದರು. ಟವೆಲ್ಲಿನಿಂದ ಬೆರಳ ಸಂದಿಗಳನ್ನೆಲ್ಲ ಒರೆಸಿಕೊಂಡು ಬರಿಗಾಲಲ್ಲಿ ಹತ್ತುತ್ತಿದ್ದರು. ಮದುವೆ ಮನೆಯವರು ಎಷ್ಟು ಭಕ್ತಿಯ ಮನುಷ್ಯ ಎಂದುಕೊಳ್ಳುತ್ತಿದ್ದರು. ಭಕ್ತಿ ಸ್ವಲ್ಪ ಇತ್ತು, ಇಲ್ಲವೆನ್ನಲಾರೆ. ಗಿಟಾರಿನ ದನಿ ಬದಲಿಸುವ ಕಾಲಡಿಯ ಪೆಟ್ಟಿಗೆಯನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅದರ ಮೇಲೆ ಕಾಲಿಡುತ್ತಿರಲಿಲ್ಲ. ನಾನು ಒಮ್ಮೆ ಬೂಟು ಹಾಕಿಕೊಂಡು ಹೋಗಿದ್ದಕ್ಕೆ ಸಿಕ್ಕಿದ ಮಾತು ಬೇರೆ ಥರದ್ದು.

“ಕಾಲಿಗೂ ಕಣ್ಣೈತೆ ಕಣ್ಲಾ ಕಾಲೇಜು. ನೀನು ಬೂಟ್ಸ್ ಆಕಿ ಅದನ್ನ ಕುರುಡು ಮಾಡಿಟ್ಟಿದ್ದೀಯ.”

ಆ ಕಾಲು ಕಲಿತದ್ದು ಮಗ್ಗದಲ್ಲಿ. ಅವರ ಮನೆಯ ಮಗ್ಗ ನೆಲದಲ್ಲಿ ಗುಂಡಿ ತೋಡಿ ಕೂರಿಸಿದ್ದು. ನೇಯುವವನು ಗುಂಡಿಯ ಅಂಚಿನಲ್ಲಿ ಕೂತು ಕಾಲು ಒಳಗೆ ಬಿಡಬೇಕು. ಕೆಳಗೆ ಕತ್ತಲಲ್ಲಿ ಎರಡು ಹಲಗೆಗಳಿರುತ್ತವೆ. ಒಂದನ್ನು ತುಳಿದರೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಅರ್ಧ ಎಳೆಗಳು ಮೇಲೇಳುತ್ತವೆ, ಅರ್ಧ ಕೆಳಗಿಳಿಯುತ್ತವೆ, ನಡುವಿನ ಸಂದಿಯಲ್ಲಿ ಅಡ್ಡ ನೂಲು ಹೊತ್ತ ಲಾಳಿ ಓಡುತ್ತದೆ. ಆಮೇಲೆ ಇನ್ನೊಂದನ್ನು ತುಳಿಯಬೇಕು. ಒಂದು, ಇನ್ನೊಂದು, ಅಷ್ಟೇ. ಎರಡನ್ನೂ ಒಟ್ಟಿಗೆ ತುಳಿದರೆ ಸಂದಿ ತೆರೆಯುವುದಿಲ್ಲ. ಬಿಗಿದು ನಿಂತ ಎಳೆಗಳಿಗೆ ಲಾಳಿ ಹೋಗಿ ಗುದ್ದಿ, ಹಾಸು ಕಿತ್ತುಹೋಗುತ್ತದೆ. ಹುಡುಗನಾಗಿದ್ದಾಗ ಒಮ್ಮೆ ಹಾಗೆ ತುಳಿದು ಅಪ್ಪನಿಂದ ತಿಂದ ಏಟನ್ನು ಅಣ್ಣ ಮುಂಗಾಲು ಸವರಿಕೊಂಡು ಹೇಳುತ್ತಿದ್ದರು. ಅಪ್ಪ ಹೊಡೆದದ್ದು ಬೆನ್ನಿಗಂತೆ, ನೆನಪು ಉಳಿದದ್ದು ಕಾಲಿನಲ್ಲಿ.

ಅವರು ಸಂತರೇನೂ ಅಲ್ಲ. ತಂತಿಯ ವಿಷಯದಲ್ಲಿ ಮಹಾ ಜಿಪುಣ. ಮಂಕಾದ ಗಿಟಾರ್ ತಂತಿಗಳನ್ನು ಬಿಚ್ಚಿ ನೀರಿನಲ್ಲಿ ಕುದಿಸಿ ಮತ್ತೆ ಕಟ್ಟುತ್ತಿದ್ದರು, ಹೊಸದರ ಹಾಗೆ ನುಡಿಯುತ್ತದೆ ಎಂದು. ಕುದಿಸಲು ಅತ್ತಿಗೆಯ ರಸದ ಪಾತ್ರೆಯೇ ಆಗಬೇಕಿತ್ತು. “ರಸಕ್ಕೆ ನಿಮ್ಮಣ್ಣ ಉಪ್ಪಾಕವ್ರೋ ತಂತಿ ಆಕವ್ರೋ ನೀನೇ ಕುಡ್ದು ಏಳು” ಎಂದು ಅತ್ತಿಗೆ ನನ್ನ ಕೈಗೆ ಲೋಟ ಕೊಡುತ್ತಿದ್ದರು. ಯಾವ ಊರಿನ ಯಾವ ಕಲ್ಯಾಣ ಮಂಟಪದಲ್ಲಿ ನುಡಿಸಿದರೂ ಅದರ ಯಜಮಾನನಿಗೆ, ನಿಮ್ಮ ಮಂಟಪದಲ್ಲಿ ಸಂಗೀತ ಕೇಳುವ ಹಾಗೆ ಸೇಲಂ ಜಿಲ್ಲೆಯಲ್ಲೇ ಎಲ್ಲೂ ಕೇಳುವುದಿಲ್ಲ ಎಂದು ಹೇಳಿ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿದ್ದರು. ಬೇರೆ ಆರ್ಕೆಸ್ಟ್ರಾದ ಗಿಟಾರಿನವರು ಹತ್ತಿರ ಬಂದರೆ ಕಾಲಡಿಯ ಪೆಟ್ಟಿಗೆಯ ಮೇಲೆ ಟವೆಲ್ ಮುಚ್ಚುತ್ತಿದ್ದರು.

ಆ ಪೆಟ್ಟಿಗೆಯೇ ಈ ಕಥೆಗೆ ಮುಖ್ಯ. ಮದರಾಸಿನಲ್ಲಿ ಯಾರಿಂದಲೋ ಸೆಕೆಂಡ್ ಹ್ಯಾಂಡ್ ಕೊಂಡದ್ದು, ಜಪಾನಿನದು, ಊಟದ ಡಬ್ಬಿಯಷ್ಟು ಗಾತ್ರ. ಜೊತೆಗೆ ಬರಬೇಕಿದ್ದ, ಬಳಸುವ ಬಗೆ ತಿಳಿಸುವ ಪುಸ್ತಕ ಬಂದಿರಲಿಲ್ಲ. ಗಿಟಾರಿನ ವೈರನ್ನು ಅದಕ್ಕೆ ಸಿಕ್ಕಿಸಿದರೆ, ಗಿಟಾರಿನ ಸದ್ದು ಹಿಗ್ಗಿಸುವ ದೊಡ್ಡ ದೊಡ್ಡ ಆಂಪುಗಳ ದನಿಯನ್ನು ಅದು ಅನುಕರಿಸುತ್ತಿತ್ತು. ಬೇಕಾದರೆ ಪ್ರತಿಧ್ವನಿ ಸೇರಿಸುತ್ತಿತ್ತು, ನಡುಕ ಸೇರಿಸುತ್ತಿತ್ತು. “ಆ ಆಂಪು ಯಾವ್ ದೇಶ್ದಾಗೈತೋ ಗೊತ್ತಿಲ್ಲ, ಅದರ ದನಿ ಮಾತ್ರ ನಮ್ಮನೇಗೆ ಬಂದೈತೆ” ಎಂದು ಅಣ್ಣ ಅದನ್ನು ಹೊಸಬರಿಗೆ ಪರಿಚಯಿಸುತ್ತಿದ್ದರು. ಪೆಟ್ಟಿಗೆಯ ಮೇಲೆ ಕಾಲಿನಿಂದ ಒತ್ತುವ ಸ್ವಿಚ್ಚುಗಳು ಎರಡೇ. ಎಡದ್ದು ಒತ್ತಿದರೆ ಒಂದು ದನಿ ಹಿಂದಕ್ಕೆ, ಬಲದ್ದು ಒತ್ತಿದರೆ ಒಂದು ದನಿ ಮುಂದಕ್ಕೆ. ಹೀಗೆ ಸಾಲಾಗಿ ಜೋಡಿಸಿಟ್ಟ ದನಿಗಳಲ್ಲಿ ಹುಡುಕಿಕೊಂಡು ಹೋಗಬೇಕು. ಹಾಡಿನ ನಡುವೆ ಒಂದು ಹೆಜ್ಜೆ ಜಾಸ್ತಿ ಒತ್ತಿದರೆ ಮೆಲ್ಲಗೆ ನುಡಿಯಬೇಕಾದಲ್ಲಿ ಗರ್ಜನೆ ಬರುತ್ತದೆ. ಎಲ್ಲ ಗಿಟಾರಿನವರ ಕಷ್ಟವೂ ಇದೇ.

ಅಣ್ಣ ಇದಕ್ಕೆ ಮಾಡಿದ ಉಪಾಯ ವಿಚಿತ್ರವಾಗಿತ್ತು. ಪೆಟ್ಟಿಗೆಯಲ್ಲಿದ್ದ ಎಲ್ಲ ದನಿಗಳನ್ನೂ ಅಳಿಸಿ, ಅಷ್ಟೂ ಜಾಗಗಳಲ್ಲಿ ಎರಡೇ ದನಿಗಳನ್ನು ಒಂದಾದ ಮೇಲೊಂದರಂತೆ ತುಂಬಿದರು. ಒಂದು ಮೆದು, ಒಂದು ಗಡಸು, ಮತ್ತೆ ಮೆದು, ಮತ್ತೆ ಗಡಸು, ಕೊನೆಯವರೆಗೂ. ಈಗ ಎಡ ತುಳಿದರೂ ಸರಿ, ಬಲ ತುಳಿದರೂ ಸರಿ, ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಪೆಟ್ಟಿಗೆ ಮಗ್ಗವಾಯಿತು. ಮಾಸ್ಟರ್ ತಮಿಳಿನಲ್ಲಿ ಚುಚ್ಚುತ್ತಿದ್ದರು, ಇಷ್ಟು ದೊಡ್ಡ ಹೋಟೆಲಿಗೆ ಬಂದು ದಿನಾ ಇಡ್ಲಿ ಒಂದನ್ನೇ ಕೇಳುತ್ತೀಯಲ್ಲಪ್ಪ ಎಂದು. ಇಡ್ಲಿ ಯಾರ ಹೊಟ್ಟೆಯನ್ನೂ ಕೆಡಿಸುವುದಿಲ್ಲ ಎಂದು ಅಣ್ಣ ಅಷ್ಟೇ ನಿಧಾನವಾಗಿ ಹೇಳುತ್ತಿದ್ದರು. ನಾನೂ ನಗುತ್ತಿದ್ದೆ. ಅಂಥ ಯಂತ್ರದ ಮುಕ್ಕಾಲು ಪಾಲನ್ನು ಹಾಳುಮಾಡಿದ್ದಾರೆ ಎಂದು ಆಗ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಇನ್ನು ಮೆಟ್ಟೂರಿನ ಆ ಸಂಜೆ.

ಅಣೆಕಟ್ಟಿನ ಕಡೆಯ ಒಂದು ಮಂಟಪದಲ್ಲಿ ಮದುವೆ ರಿಸೆಪ್ಷನ್. ಹೊರಗೆ ಇನ್ನೂ ಬೆಳಕಿತ್ತು. ವೇದಿಕೆಯ ಮುಂಭಾಗದಲ್ಲಿ, ಹಾಡುವವಳಿಗೆ ತನ್ನ ದನಿಯೂ ವಾದ್ಯಗಳೂ ಕೇಳಲಿ ಎಂದು ಅವಳ ಕಡೆಗೆ ಮುಖಮಾಡಿ ಒಂದು ಸ್ಪೀಕರ್ ಇಟ್ಟಿರುತ್ತಾರೆ, ಮಾನಿಟರ್ ಎನ್ನುತ್ತಾರೆ. ನಮ್ಮದರಲ್ಲಿ ಮೂರೇ ಸದ್ದು ಬರುತ್ತಿತ್ತು: ಅವಳ ಮೈಕು, ಅಣ್ಣನ ಗಿಟಾರು, ನನ್ನ ಕೀಬೋರ್ಡು. ಒಂದು ಹಾಡು ಮುಗಿದಿತ್ತು. ಅವಳು ಮೈಕಿನ ಸ್ವಿಚ್ ಆರಿಸಿ, ಮಾನಿಟರಿನ ಮಗ್ಗುಲಲ್ಲಿ ಇಟ್ಟಿದ್ದ ನೀರಿನ ಬಾಟಲಿಗೆ ಬಗ್ಗಿದಳು. ಮೈಕು ಆರಿಸಿದ್ದನ್ನು ಮಾಸ್ಟರೂ ನೋಡಿದ್ದರು, ಆಮೇಲೆ ಅವರೇ ಹೇಳಿದರು. ಅವಳ ಎಡಗಿವಿ ಸ್ಪೀಕರಿಗೆ ಗೇಣು ದೂರದಲ್ಲಿದ್ದಾಗ ಆ ಸದ್ದು ಬಂತು. ಬಾಟಲಿ ಉರುಳಿತು. ಅವಳು ಕಿವಿ ಹಿಡಿದು ಕೂತುಬಿಟ್ಟಳು. ಆಮೇಲೆ ಎದ್ದಳು, ಮುಂದಿನ ಹಾಡನ್ನೂ ಹಾಡಿದಳು. ಶ್ರುತಿ ಎಲ್ಲೆಲ್ಲೋ ಹೋಯಿತು. ಜನ ಊಟದ ಕಡೆ ಇದ್ದರು.

ಅಣ್ಣ ತಮ್ಮ ಪಾದವನ್ನೇ ನೋಡುತ್ತಾ ನಿಂತಿದ್ದರು. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ನಾನು ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ ಎನ್ನುವುದು ಅಷ್ಟು ಸ್ಪಷ್ಟವಾಗಿಲ್ಲ. ನನ್ನ ಬಳಿ ಎರಡು ಕೀಬೋರ್ಡು, ಎಲ್ಲರ ಸದ್ದನ್ನೂ ಏರಿಸಿ ಇಳಿಸುವ ಮಿಕ್ಸರಿಗೆ ಹೋಗುವ ವೈರು ಒಂದೇ. ಹಾಡು ಬದಲಾದಾಗ ಒಂದರಿಂದ ಕಿತ್ತು ಇನ್ನೊಂದಕ್ಕೆ ಸಿಕ್ಕಿಸಬೇಕು. ಕೀಳುವ ಮುಂಚೆ ನಾನು ಕೈಯೆತ್ತಬೇಕು. ಮಿಕ್ಸರಿನ ಮುಂದೆ ಕೂತವನು ನನ್ನ ಸದ್ದನ್ನು ಇಳಿಸಬೇಕು. ಇಲ್ಲದಿದ್ದರೆ ಸ್ಪೀಕರಿನಲ್ಲಿ ಡಬ್ ಎಂದು ಹೊಡೆಯುತ್ತದೆ. ಯಾವಾಗಲೂ ಕೈಯೆತ್ತುತ್ತಿದ್ದೆ. ಅವತ್ತೂ ಎತ್ತಿದಂತೆಯೇ ನೆನಪು. ಆದರೆ ಯಾವಾಗಲೂ ಮಾಡುವ ಕೆಲಸವನ್ನು ಒಂದು ದಿನ ಮಾಡದೇ ಬಿಟ್ಟರೂ ನೆನಪು ತಾನೇ ಅದನ್ನು ತುಂಬಿಕೊಳ್ಳುತ್ತದೆ.

ವ್ಯಾನಿನಲ್ಲಿ ಮಾಸ್ಟರ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರು. ನನ್ನ ಸರದಿ ಬರುವ ಮುಂಚೆಯೇ ಅಣ್ಣ ತಮಿಳಿನಲ್ಲಿ ತಪ್ಪು ತಮ್ಮದು ಎಂದರು. ಮಾಸ್ಟರ್ ಬೈಯತೊಡಗಿದರು. ಅದು ಮುಗಿಯುವವರೆಗೂ ತಲೆತಗ್ಗಿಸಿ ಕೂತಿದ್ದು, ಆಮೇಲೆ ಹಿಂದಿನ ಸೀಟಿಗೆ ತಿರುಗಿ ಅವಳಿಗೆ ಕನ್ನಡದಲ್ಲಿ ಹೇಳಿದರು.

“ನಾನ್ ದಾನ್ ಪಾಪ, ನಾನೇ. ಎಲ್ಡೂ ಒಟ್ಗೆ ತುಳುದ್ಬುಟ್ಟೆ.”

ನನಗೆ ನಿರಾಳವಾಯಿತು. ಯಾಕೆ ನಿರಾಳವಾಗಬೇಕಿತ್ತು ಎಂದು ಆಗ ಕೇಳಿಕೊಳ್ಳಲಿಲ್ಲ.

ಅದಾದ ಮೇಲೆ ಅಣ್ಣ ಪೆಟ್ಟಿಗೆಯನ್ನು ಒಂದು ಹಲಗೆಗೆ ಕೂರಿಸಿದರು. ಮನೆಯಲ್ಲಿ ಸವೆದು ಮೂಲೆಗೆ ಬಿದ್ದಿದ್ದ ಒಂದು ಲಾಳಿಯನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಎರಡು ಸ್ವಿಚ್ಚುಗಳ ನಡುವೆ ಗೋಡೆಯ ಹಾಗೆ ನಿಲ್ಲಿಸಿದರು. ಲಾಳಿ ಪೆಟ್ಟಿಗೆಗಿಂತ ಉದ್ದ. ಅದರ ಎರಡು ತುದಿಗಳನ್ನೂ ಹಲಗೆಗೆ ಸ್ಕ್ರೂ ಹಾಕಿ ಬಿಗಿದರು. ಇನ್ನು ಯಾವ ಕಾಲಿಗೂ ಎರಡನ್ನೂ ಒಟ್ಟಿಗೆ ಒತ್ತಲು ಆಗದು. ವರ್ಷಗಟ್ಟಲೆ ನೂಲು ಉಜ್ಜಿ ನುಣುಪಾಗಿದ್ದ ಆ ಮರ ಕಾಲಿಗೆ ತಗುಲಿದರೆ ಹಿತವಾಗಿಯೇ ಇತ್ತೇನೋ. ನೋಡಿದವರಿಗೆ ಮಾತ್ರ ಅದು ಪೆಟ್ಟಿಗೆಯ ಮೇಲೆ ಮಲಗಿದ ಮೀನಿನ ಹಾಗೆ ಕಾಣುತ್ತಿತ್ತು. ಮಾಸ್ಟರ್ ಅದನ್ನು ಅಣೆಕಟ್ಟಿನ ಮೀನು ಎಂದೇ ಕರೆದರು. ಅಣ್ಣ ನಗಲಿಲ್ಲ. ಇಡ್ಲಿಯ ಮಾತಿಗೆ ಉತ್ತರ ಕೊಟ್ಟವರು ಇದಕ್ಕೆ ಕೊಡಲಿಲ್ಲ.

ಕೆಲವು ವಾರಗಳಾದ ಮೇಲೆ ನನ್ನನ್ನು ಮನೆಗೆ ಕರೆಸಿದರು. ಮಗ್ಗದ ಗುಂಡಿಯ ಅಂಚಿನಲ್ಲಿ ಕೂತಿದ್ದರು, ಕಾಲು ಒಳಗಿತ್ತು, ನೇಯುತ್ತಿರಲಿಲ್ಲ.

“ಸಾಲ್ಡ್ರಿಂಗ್ ಗೊತ್ತಲ್ಲಾ ನಿಂಗೆ?”

“ಗೊತ್ತಣ್ಣ. ಏನ್ ಮಾಡ್ಬೇಕು?”

“ಒಂದು ಸ್ವಿಚ್ಚು. ಅದರ ಮ್ಯಾಲೆ ಕಾಲಿಟ್ರೆ ನನ್ ಗಿಟಾರು ಜನಕ್ಕೆ ಕೇಳ್ಬಾರ್ದು. ಪಾಪನ ಮುಂದಿರೋ ಸ್ಪೀಕರ್‌ಗೆ ಮಾತ್ರ ಓಗ್ಬೇಕು.”

ಯಾಕೆ ಎಂದೆ. ಅವರು ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು.

“ಅವ್ಳ ಎಡಗಿವಿ ಓಗೈತೆ. ಡಾಕ್ಟ್ರು ನರ ಅಂದವ್ರೆ, ಇನ್ ಬರಲ್ಲ ಅಂದವ್ರೆ. ಮಾಸ್ಟರ್‌ಗೆ ಗೊತ್ತಾದ್ರೆ ನಾಳೆನೇ ಬ್ಯಾರೆ ಉಡುಗಿ ಬರ್ತಾಳೆ. ಊರಿಗೆ ಗೊತ್ತಾದ್ರೆ ಕಲ್ಯಾಣ ಇಲ್ಲ. ನಂಗ್ ಬಿಟ್ರೆ ಅವ್ಳು ಯಾರ್ಗೂ ಏಳಿಲ್ಲ, ಈಗ ನಿಂಗೆ ಗೊತ್ತು. ಆಡೋಕ್ ಮುಂಚೆ ಶ್ರುತಿ ನಾನ್ ಕೊಡ್ತೀನಿ.”

ಅವಳ ಬದುಕಿನಲ್ಲಿ ಹಾಡು ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು. ಮಾರಂಡಹಳ್ಳಿಯ ರಾಗಿ ಹೊಲದ ಮನೆಯಿಂದ ಅವಳನ್ನು ಹೊರಗೆ ಕಳಿಸುತ್ತಿದ್ದದ್ದು ಆ ಗಂಟಲೊಂದೇ. ಅವಳು ಹಾಡಿಲ್ಲದ ವಾರ ಮನೆಯಲ್ಲಿ ಒಂದು ಮಾತೂ ಆಡುವುದಿಲ್ಲ ಎಂದು ಅವಳ ತಂದೆಯೇ ಒಮ್ಮೆ ಅಣ್ಣನಿಗೆ ದೂರು ಹೇಳಿದ್ದರು. ಒಂದು ಕಿವಿ ಇಲ್ಲದಿದ್ದರೂ ಹಾಡಬಹುದು. ಆದರೆ ವೇದಿಕೆಯ ಗದ್ದಲದಲ್ಲಿ ಯಾವ ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಅವಳು ಶುರುವಿನಲ್ಲೇ ತಪ್ಪುತ್ತಿದ್ದಳು. ಮೊದಲ ಸ್ವರ ಸಿಕ್ಕಿದರೆ ಆಮೇಲೆ ದಾರಿ ತಾನೇ ಹಿಡಿಯುತ್ತಿದ್ದಳು.

ಅಲ್ಲಿ ನಾನೊಂದು ಮಾತು ಕೇಳಿದೆ. ಕೇಳಿದೆ ಎಂದೇ ನನ್ನ ನಂಬಿಕೆ. ಆಮೇಲೆ ನನ್ನ ಸಮಾಧಾನಕ್ಕೆ ಸೇರಿಸಿಕೊಂಡದ್ದೂ ಇರಬಹುದು. ಆದರೆ ಅದಕ್ಕೆ ಅವರು ಕೊಟ್ಟ ಉತ್ತರ ನಾನು ಕಟ್ಟಬಲ್ಲಂಥದ್ದಲ್ಲ, ಹಾಗಾಗಿ ಕೇಳಿರಲೇಬೇಕು.

“ಅಣ್ಣ, ಎಲ್ಡೂ ತುಳುದ್ರೆ ಆ ಸದ್ದು ಬರ್ತದಾ? ಒಂದ್ಸಾರಿ ತುಳ್ದು ನೋಡುದ್ರಾ?”

ಅವರು ನನ್ನನ್ನು ಬುದ್ಧಿಯಿಲ್ಲದವನ ಹಾಗೆ ನೋಡಿದರು.

“ಎಳೆ ಕಿತ್ತೋದ ಮ್ಯಾಲೆ ಇನ್ನೊಂದ್ಸಾರಿ ತುಳ್ದು ನೋಡು ಅಂತೀಯಲ್ಲ ಕಾಲೇಜು. ಯಾವ ನೇಯೋನು ಅಂಗ್ ಮಾಡ್ತಾನೆ, ನೀನೇ ಏಳು.”

ಪೆಟ್ಟಿಗೆ ಅಲ್ಲೇ ಗೋಡೆಗೆ ಒರಗಿತ್ತು. ನಾಲ್ಕು ಸ್ಕ್ರೂ ಬಿಚ್ಚಿದ್ದರೆ ಸಾಕಿತ್ತು. ಏನನ್ನೂ ಕಣ್ಣಾರೆ ನೋಡದೆ ಒಪ್ಪಬಾರದು ಎಂದು ವಿಶ್ವವಿದ್ಯಾಲಯದಲ್ಲಿ ಕಲಿಯುತ್ತಿದ್ದವನು ನಾನು. ದೇವರನ್ನೂ ಜಾತಕವನ್ನೂ ಅಣ್ಣನ ಬರಿಗಾಲನ್ನೂ ಪ್ರಶ್ನೆ ಮಾಡುತ್ತಿದ್ದವನು. ಅವತ್ತು ಮಾತ್ರ ತಲೆಯಾಡಿಸಿ, ಸ್ವಿಚ್ಚಿಗೆ ಏನೇನು ಬೇಕು ಎಂದು ಲೆಕ್ಕ ಹಾಕಿಕೊಂಡು ಎದ್ದು ಬಂದೆ.

ಸ್ವಿಚ್ಚು ಚೆನ್ನಾಗಿಯೇ ಆಯಿತು. ಪೆಟ್ಟಿಗೆಯ ಬಲಕ್ಕೆ, ಅವರ ಹೆಬ್ಬೆರಳು ತಾನಾಗಿ ಬೀಳುವ ಜಾಗದಲ್ಲಿ ಕೂರಿಸಿದೆವು. ಪ್ರತಿ ಹಾಡಿಗೂ ಮುಂಚೆ ಅಣ್ಣ ಅದರ ಮೇಲೆ ಕಾಲಿಟ್ಟು ಒಂದೇ ಸ್ವರವನ್ನು ಮೆಲ್ಲಗೆ ಮೀಟುತ್ತಿದ್ದರು. ಜನರಿಗೆ ಕೇಳುತ್ತಿದ್ದುದು ಮಾಸ್ಟರಿನ ಮಾತು ಮಾತ್ರ. ಆ ಸ್ವರ ಅವಳೊಬ್ಬಳಿಗೆ. ಮಾನಿಟರನ್ನೂ ಅವಳ ಬಲಗಡೆಗೆ ಸರಿಸಿದ್ದರು. ಮಾಸ್ಟರ್ ಕೇಳಿದ್ದಕ್ಕೆ ಗಾಳಿ ಬರಲಿ ಎಂದೋ ಏನೋ ಒಂದು ಸುಳ್ಳು ಹೇಳಿದರು, ಇಂಥ ಸುಳ್ಳುಗಳಲ್ಲಿ ಅವರಿಗೆ ಅಭ್ಯಾಸವಿತ್ತು. ಅವಳು ಹಿಂದಿನ ಹಾಗೆ ಹಾಡತೊಡಗಿದಳು. ಮೆಟ್ಟೂರಿನಲ್ಲಿ ಹೆದರಿದ್ದಳು, ಈಗ ಧೈರ್ಯ ಬಂದಿದೆ ಎಂದುಕೊಂಡರು ಎಲ್ಲರೂ. ಹಾಡು ಶುರುವಾದ ಮೇಲೂ ಅಣ್ಣನ ಕಣ್ಣು ಅವಳ ಕತ್ತಿನ ಮೇಲೆಯೇ ಇರುತ್ತಿತ್ತು. ಅವಳು ಕತ್ತನ್ನು ಸ್ವಲ್ಪ ಬಲಕ್ಕೆ ವಾಲಿಸಿದರೆ ಸ್ವರ ಬೇಕು ಎಂದು ಅರ್ಥ. ಆಗ ತಮ್ಮ ವಾದನವನ್ನು ಅಲ್ಲೇ ಬಿಟ್ಟು ಹೆಬ್ಬೆರಳು ಒತ್ತುತ್ತಿದ್ದರು. ಹೀಗೆ ಬಿಟ್ಟುಬಿಟ್ಟು ನುಡಿಸುವುದರಿಂದ ಗಿಟಾರಿನಲ್ಲಿ ಮೊದಲಿನ ಹಿಡಿತ ಹೋಗಿದೆ ಎಂದು ಜನ ಹೇಳಲು ಶುರುಮಾಡಿದರು. ಅವರು ಅದನ್ನು ಒಪ್ಪಿಕೊಳ್ಳುತ್ತಿದ್ದರು.

ವ್ಯಾನಿನಲ್ಲಿ, ಊಟದ ಪಂಕ್ತಿಯಲ್ಲಿ, ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಅಣ್ಣ ಅವಳ ಬಲಕ್ಕೇ ಕೂರುತ್ತಿದ್ದರು. ಯಾರಾದರೂ ಮಾತಾಡಿಸಿದರೆ ಅವಳಿಗೆ ಕೇಳದೇ ಹೋದದ್ದನ್ನು ತಾವು ಮತ್ತೆ ಒಮ್ಮೆ ಹೇಳಿ ಮುಚ್ಚುತ್ತಿದ್ದರು. ಮದುವೆಯಾದ ಗಂಡಸು ಹೀಗೆ ಒಂದೇ ಪಕ್ಕದಲ್ಲಿ ಅಂಟಿಕೊಂಡರೆ ಜನ ಏನು ಹೇಳಬೇಕೋ ಅದನ್ನೇ ಹೇಳಿದರು. ಒಂದು ಮಧ್ಯಾಹ್ನ ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಅವಳು ನನ್ನನ್ನು ತನ್ನ ಬಲಕ್ಕೆ ನಿಲ್ಲಿಸಿಕೊಂಡು ಮಾತು ತೆಗೆದಳು.

“ಅಣ್ಣಂಗೆ ನೀನಾರ ಏಳು. ಜನ ಏನೇನೋ ಮಾತಾಡ್ತಾವ್ರೆ. ಅತ್ತಿಗೆ ಕಿವಿಗೂ ಬಿದ್ದೈತೆ.”

“ನೀನೇ ಏಳ್ಬಾರ್ದಾ?”

“ಏಳ್ದೆ. ‘ನಿನ್ ಬಲಗಿವಿ ಪಕ್ಕ ಒಬ್ರು ಬೇಕು, ಜನದ್ ಬಾಯಿ ಅವರತ್ರಾನೇ ಇರ್ಲಿ’ ಅಂದ್ರು. ಅವರ್ದು ತಪ್ಪು ಅಂತ ನಾನು ಯಾವತ್ತೂ ಅಂದಿಲ್ಲ. ಅವತ್ತು ನಂಗೆ ಕಿವಿಯೊಳಗೆ ಒಂದು ಪಟಾಕಿ ಒಡದಂಗಾಯ್ತು, ಅಷ್ಟೇ ಗೊತ್ತು.”

ಪಟಾಕಿ. ಕೀರಲು ಸದ್ದಿಗೆ ಯಾರೂ ಪಟಾಕಿ ಎನ್ನುವುದಿಲ್ಲ. ಅದನ್ನು ನಾನು ಆಗಲೇ ಗಮನಿಸಿದೆ ಎಂಬುದು ಖಂಡಿತ, ಏಕೆಂದರೆ ಅದಕ್ಕೆ ಒಂದು ವಿವರಣೆಯನ್ನೂ ಆಗಲೇ ತಯಾರು ಮಾಡಿಕೊಂಡೆ. ಪೆಟ್ಟು ಬಿದ್ದ ಕಿವಿ ಕೊಡುವ ಸಾಕ್ಷಿ ನಂಬಲು ತಕ್ಕದ್ದಲ್ಲ. ಎಂಥ ಸದ್ದೂ ಅದಕ್ಕೆ ಹೊಡೆತದ ಹಾಗೆಯೇ ಕೇಳಿಸುತ್ತದೆ. ವಿವರಣೆ ವೈಜ್ಞಾನಿಕವಾಗಿಯೇ ಇತ್ತು. ಅಷ್ಟರಲ್ಲಿ ಅವಳ ಬಸ್ಸು ಬಂತು.

ಅಣ್ಣನಿಗೆ ನಾನು ಏನೂ ಹೇಳಲಿಲ್ಲ. ಅತ್ತಿಗೆ ಕೆಲವು ತಿಂಗಳು ತವರಿಗೆ ಹೋಗಿದ್ದರು. ಆ ದಿನಗಳಲ್ಲಿ ಅಣ್ಣ ತಾವೇ ಅಡುಗೆ ಮಾಡಿಕೊಂಡು, ರಸದ ಪಾತ್ರೆಯನ್ನು ತಂತಿಗೆ ಮುಟ್ಟಿಸದೆ ತೊಳೆದು ಬೋರಲು ಹಾಕಿಟ್ಟಿದ್ದರು. ಅದನ್ನು ನೋಡಿದಾಗ ಅತ್ತಿಗೆಗೆ ನಿಜ ಹೇಳಿಬಿಡಿ ಎಂದೆ. ಹೆಂಗಸರ ಬಾಯಿಂದ ನೀರಿನ ನಲ್ಲಿಗೆ, ನಲ್ಲಿಯಿಂದ ಅವಳ ಊರಿನ ಕಡೆಯ ಧರ್ಮಪುರಿಗೆ ಎಷ್ಟು ದೂರ ಎಂದು ಕೇಳಿದರು. ಅವಳ ಮದುವೆಯಾಗಲಿ, ಆಮೇಲೆ ಹೇಳುತ್ತೇನೆ ಎಂದರು.

ಹಾಗೆಯೇ ಮಾಡಿದರು. ಪಾಲಕ್ಕೋಡಿನ ಕಡೆಯ ಒಬ್ಬ ತರಕಾರಿ ವ್ಯಾಪಾರಿ ಅವಳನ್ನು ಮದುವೆಯಾದ. ಕಿವಿಯ ಸಂಗತಿಯನ್ನು ನಿಶ್ಚಿತಾರ್ಥಕ್ಕೆ ಮುಂಚೆ ಅವಳೇ ಅವನಿಗೆ ಹೇಳಿದಳಂತೆ. ಸಂತೆಯಲ್ಲಿ ಇರುವವನಿಗೆ ಎರಡು ಕಿವಿಯೂ ಇಲ್ಲದಿದ್ದರೆ ಒಳ್ಳೆಯದು ಎಂದನಂತೆ ಅವನು. ಮದುವೆಯ ದಿನ ನಮ್ಮ ಆರ್ಕೆಸ್ಟ್ರಾದ್ದೇ ಕಚೇರಿ. ಕೊನೆಗೆ ಮದುವಣಗಿತ್ತಿಯನ್ನೇ ವೇದಿಕೆಗೆ ಕರೆದು ಒಂದು ಹಾಡು ಹಾಡಿಸಿದರು. ಅಣ್ಣ ಹೆಬ್ಬೆರಳು ಒತ್ತಿ ಸ್ವರ ಕೊಟ್ಟರು. ಆ ಹಾಡು ಮುಗಿದ ಮೇಲೆ ಗಿಟಾರನ್ನು ಚೀಲಕ್ಕೆ ಹಾಕಿದವರು ಮತ್ತೆ ಹೊರಗೆ ತೆಗೆಯಲಿಲ್ಲ.

ಅವರಿಗೆ ಆಗ ನಲವತ್ತೂ ಆಗಿರಲಿಲ್ಲ. ಮನೆಯ ಮಗ್ಗವೂ ನಿಂತಿತ್ತು. ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಎಲ್ಲವನ್ನೂ ಮೋಟಾರು ಮಾಡುತ್ತದೆ, ಕಾಲಿಗೆ ಕೆಲಸವಿಲ್ಲ. ನಾನು ಊರು ಬಿಡುವ ಮುಂಚೆ ನೋಡಲು ಹೋದೆ. ಶೆಡ್ಡಿನ ಬಾಗಿಲಲ್ಲಿ, ಆ ಸದ್ದಿನ ನಡುವೆ, ಯಾಕಣ್ಣ ನುಡಿಸೋದು ಬಿಟ್ರಿ ಎಂದು ಕೂಗಿ ಕೇಳಬೇಕಾಯಿತು. ಅವರು ಕೂಗಲಿಲ್ಲ. ಹತ್ತಿರ ಬಂದು ನನ್ನ ಕಿವಿಯಲ್ಲಿ ಹೇಳಿದರು.

“ಕಾಲು ಎದರ್ಕೊಂತೈತೆ ಕಣ್ಲಾ.”

ಅವರ ಕಾಲಲ್ಲಿ ರಬ್ಬರಿನ ಚಪ್ಪಲಿಗಳಿದ್ದವು. ಅವರು ಚಪ್ಪಲಿ ಹಾಕಿಕೊಂಡು ನಿಂತದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಅಥವಾ ನೋಡಿದ್ದೆನೋ, ಗಮನಿಸಿರಲಿಲ್ಲ.

ಆಮೇಲೆ ಬಹಳ ವರ್ಷ ಫೋನಿನಲ್ಲಿ ಅಷ್ಟಿಷ್ಟು ಮಾತು. ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಹೋದಾಗ ಅತ್ತಿಗೆ ಒಂದು ಹಳೆಯ ಪಂಚೆಯಲ್ಲಿ ಸುತ್ತಿದ ಗಂಟನ್ನು ನನ್ನ ಮುಂದಿಟ್ಟರು. ಗಿಟಾರನ್ನು ಯಾರೋ ನೆಂಟರ ಮನೆಗೆ ಕೊಟ್ಟಾಗಿತ್ತು. ಪೆಟ್ಟಿಗೆಯನ್ನು ಕೊಡಲು ಅವರಿಗೆ ಮನಸ್ಸು ಬಂದಿರಲಿಲ್ಲ.

“ಯಾವ ತೂತಿಗೆ ಯಾವ ವೈರು ಅಂತ ನಿಂಗೇ ಗೊತ್ತಿರೋದು, ತಕ್ಕೊಂಡೋಗು. ಕೊನೆವರ್ಗೂ ಅದನ್ನ ಒರಸಿ ಇಡ್ತಿದ್ರು. ಆ ಉಡುಗಿ ಕಿವಿ ತೆಗೆದ ಪಾಪ ನನ್ ಕಾಲಲ್ಲೈತೆ ಅಂತಿದ್ರು. ಆಸ್ಪತ್ರೇಲೂ ಅದೇ ಮಾತು.”

ಗಂಟನ್ನು ಎತ್ತಿಕೊಂಡೆ.

ಮೈಸೂರಿಗೆ ತಂದ ಮೇಲೂ ಅದನ್ನು ಬಿಚ್ಚಲು ದಿನಗಳು ಹಿಡಿದವು. ಬಿಚ್ಚದಿರಲು ಕಾರಣಗಳು ಒಂದರ ಹಿಂದೆ ಒಂದು ಸಿಗುತ್ತಿದ್ದವು. ಹಳೆಯ ಯಂತ್ರ, ಕೆಟ್ಟಿರುತ್ತದೆ. ಅದಕ್ಕೆ ಸರಿಹೋಗುವ ಅಡಾಪ್ಟರ್ ಈಗ ಸಿಗುವುದಿಲ್ಲ. ಸಿಕ್ಕಿದರೂ ಇಷ್ಟು ವರ್ಷಗಳ ಮೇಲೆ ಅದರಿಂದ ಏನು ಸಾಬೀತಾಗುತ್ತದೆ. ಅಡಾಪ್ಟರ್ ಎರಡನೆಯ ಅಂಗಡಿಯಲ್ಲೇ ಸಿಕ್ಕಿತು.

ಒಂದು ಭಾನುವಾರ ಬೆಳಿಗ್ಗೆ ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಜೋಡಿಸಿದೆ. ಗಿಟಾರ್ ಇರಲಿಲ್ಲ, ನನ್ನ ಕೀಬೋರ್ಡಿನ ವೈರನ್ನೇ ಅದಕ್ಕೆ ಸಿಕ್ಕಿಸಿದೆ. ಸಿಕ್ಕಿಸುವ ಮುಂಚೆ ಸ್ಪೀಕರಿನ ಸದ್ದನ್ನು ಪೂರ್ತಿ ಇಳಿಸಿದೆ. ಪೆಟ್ಟಿಗೆಯ ಕೆಂಪು ದೀಪ ಹತ್ತಿಕೊಂಡಿತು. ಸದ್ದನ್ನು ಮತ್ತೆ ಏರಿಸಿ, ಮೊದಲು ಒಂದೊಂದೇ ಸ್ವಿಚ್ಚು ಒತ್ತಿ ನುಡಿಸಿದೆ: ಮೆದು, ಗಡಸು, ಮೆದು, ಗಡಸು. ಅವರು ತುಂಬಿಟ್ಟದ್ದು ಹಾಗೆಯೇ ಇತ್ತು. ಆಮೇಲೆ ಸ್ಕ್ರೂಗಳನ್ನು ಬಿಚ್ಚಿ ಲಾಳಿಯನ್ನು ತೆಗೆದು ಪಕ್ಕದಲ್ಲಿಟ್ಟೆ. ಒಂದು ಮಗ್ಗುಲಲ್ಲಿ ಅವರ ಪಾದ ಉಜ್ಜಿ ಉಜ್ಜಿ ಮರ ಕಪ್ಪಾಗಿತ್ತು. ಚಪ್ಪಲಿ ಕಳಚಿದೆ. ಕೀಬೋರ್ಡಿನ ಮೇಲೆ ಒಂದು ಸ್ವರವನ್ನು ಬೆರಳಿನಿಂದ ಒತ್ತಿಹಿಡಿದು, ಎರಡು ಸ್ವಿಚ್ಚುಗಳ ಮೇಲೂ ಅಡ್ಡಲಾಗಿ ಪಾದವಿಟ್ಟು ತುಳಿದೆ.

ಎಡ ಮೊದಲಾಗಿ ತುಳಿದು ನೋಡಿದೆ, ಬಲ ಮೊದಲಾಗಿ ತುಳಿದು ನೋಡಿದೆ. ಮೆಲ್ಲಗೆ, ಜೋರಾಗಿ. ಮೆದು ದನಿಯಲ್ಲಿದ್ದಾಗ, ಗಡಸು ದನಿಯಲ್ಲಿದ್ದಾಗ. ಬೆರಳು ಸ್ವರವನ್ನು ಬಿಟ್ಟಿರಲಿಲ್ಲ. ಪ್ರತಿ ಸಲವೂ ಆದದ್ದು ಒಂದೇ. ಎರಡನ್ನೂ ಒಟ್ಟಿಗೆ ತುಳಿದರೆ ಆ ಪೆಟ್ಟಿಗೆಯಿಂದ ಯಾವ ಸದ್ದೂ ಬರುವುದಿಲ್ಲ. ವಾದಕ ಜನರಿಗೆ ಕೇಳಿಸದ ಹಾಗೆ ತನ್ನ ತಂತಿಗಳನ್ನು ಶ್ರುತಿ ಮಾಡಿಕೊಳ್ಳಲಿ ಎಂದು, ಅದನ್ನು ಮಾಡಿದವರು ಅಲ್ಲಿ ಮೌನವನ್ನು ಇಟ್ಟಿದ್ದಾರೆ.